ಕೈ ತೊದಲಿದ ಜಾಗ

ಪ್ರೀತಿಯ ಅಣ್ಣಾ,

ಮೊನ್ನೆ ಊಟಕ್ಕೆ ಕೂತಾಗ ನೀನು ಕೇಳಿದೆ: "ಆ ಆಪರೇಷನ್ ಕೋಣೆಯಲ್ಲಿದ್ದವರೆಲ್ಲ ನನ್ನ ಮೆದುಳು ನೋಡಿದ್ರಿ. ನೋಡದೆ ಉಳಿದವನು ನಾನೊಬ್ಬನೇ. ಹೇಗಿತ್ತು ಹೇಳೇ." ನನ್ನ ಕೈಯಲ್ಲಿ ಸೌಟಿತ್ತು. ಸನ್ನೆಯಲ್ಲಿ ಮಾತಾಡುವವರ ಕೈಯಲ್ಲಿ ಸೌಟಿದ್ದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆಯೇ. ಆದರೆ ಅದನ್ನು ಕೆಳಗಿಟ್ಟ ಮೇಲೂ ನನ್ನಿಂದ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ವ್ಯಾಜ್ಯ ಮುಗಿಸಿಬಿಡೋಣ. ನಿನ್ನ ತಲೆಯಲ್ಲಿ ಮಣ್ಣು ತುಂಬಿದೆ ಎಂದು ಅಮ್ಮ ಸಾಯುವವರೆಗೂ ಅನ್ನುತ್ತಿದ್ದಳು. ನಾನು ಕಣ್ಣಾರೆ ನೋಡಿದೆ, ಮಣ್ಣಿರಲಿಲ್ಲ. ಗೋಡೆಯ ಮೇಲಿನ ಪರದೆಯಲ್ಲಿ ತೆಳು ಗುಲಾಬಿ ಬಣ್ಣದ, ಒದ್ದೆಯಾದ, ಮಡಿಕೆ ಮಡಿಕೆಯಾದ ಒಂದು ನೆಲ ಕಾಣುತ್ತಿತ್ತು. ಮೇಲೆ ಕೆಂಪು ನಾಳಗಳು. ನಿನ್ನ ಎದೆ ಬಡಿದಾಗಲೆಲ್ಲ ಅದೂ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು, ಮಲಗಿದ ಮಗುವಿನ ಹೊಟ್ಟೆಯ ಹಾಗೆ.

ನಾವು ಕಂಡದ್ದೆಲ್ಲ ಹೊರಪದರವಂತೆ, ಕಾರ್ಟೆಕ್ಸ್. ನೀನು ಬಾಗಿಲಿಗೆ ಅಂಟಿಸುವ ತೆಳು ಮರದ ಹೊದಿಕೆಗಿಂತ ಒಂಚೂರು ದಪ್ಪ, ಅಷ್ಟೇ. ಬಿಡಿಸಿ ಹರವಿದರೆ ದಿಂಬಿನ ಚೀಲದಷ್ಟು ಅಗಲವಾಗುತ್ತದೆ, ತಲೆಬುರುಡೆಯಲ್ಲಿ ಜಾಗ ಸಾಲದೆ ಮುದುಡಿ ಕೂತಿದೆ ಎಂದರು ನಿನ್ನ ಸರ್ಜನ್. ಹಣೆಯ ಹಿಂದಿನ ಭಾಗ ಯೋಚಿಸಿ ತೀರ್ಮಾನ ಮಾಡುತ್ತದೆ. ಹಿಂತಲೆಯದು ನೋಡುತ್ತದೆ. ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಆಳವಾದ ಗೆರೆಯಿದೆ. ಅದರ ಮುಂದಿನ ಪಟ್ಟಿ ಕೈಕಾಲು ಆಡಿಸಿದರೆ, ಹಿಂದಿನದು ಮುಟ್ಟಿದ್ದನ್ನು ಅರಿಯುತ್ತದೆ. ಎಡಗಡೆಯದು ಬಲಗೈಯನ್ನು ಆಳುತ್ತದೆ. ಕಿವಿಯ ಮೇಲಿನ ಭಾಗ ಕೇಳುವುದಕ್ಕೆ. "ಹಾಗಾದ್ರೆ ನಮ್ಮಣ್ಣಂಗೆ ಅದು ಖಾಲಿನಾ?" ಅಂದೆ. ಅವರು ನಕ್ಕರು. "ಮೆದುಳಲ್ಲಿ ಖಾಲಿ ಮನೆ ಅಂತ ಇರಲ್ಲಮ್ಮ. ಕಿವಿ ಬರಲಿಲ್ಲ ಅಂದ್ರೆ ಕಣ್ಣು ಬಂದು ಒಂದಷ್ಟು ಕೋಣೆ ಹಿಡ್ಕೊಳ್ಳುತ್ತೆ." ಹುಟ್ಟಿದಾಗಿನಿಂದ ಕಿವಿ ಕೇಳದ ನೀನು, ಓರೆಗಣ್ಣಲ್ಲೇ ನನ್ನ ಕಳ್ಳಾಟವೆಲ್ಲ ಹಿಡಿಯುತ್ತಿದ್ದುದು ಹೇಗೆಂದು ಆವತ್ತು ತಿಳಿಯಿತು.

ಗಡ್ಡೆ ಕೂತದ್ದು ಎಡಗಡೆ, ಕೈಯ ಜಾಗದ ಹಿಂದೆ, ಭಾಷೆಯ ಜಾಗಕ್ಕೆ ತಾಗಿಕೊಂಡು. ಆಪರೇಷನ್‌ಗೆ ಮುಂಚೆ ಸರ್ಜನ್ ಕೇಳಿದ್ದು ನೆನಪಿದೆಯಾ? ಎರಡರಲ್ಲಿ ಒಂದನ್ನು ಕಳೆದುಕೊಳ್ಳಬೇಕಾಗಿ ಬಂದರೆ ಯಾವುದನ್ನು ಉಳಿಸಲಿ, ಕೈನೋ ಮಾತೋ? ನಾನು ಅದನ್ನು ಸನ್ನೆಯಲ್ಲಿ ನಿನಗೆ ದಾಟಿಸಿದೆ. ನೀನು ಬಡಗಿ, ಕೈಯೇ ಅನ್ನ, ಕೈಯೇ ಬಾಯಿ. ನೀನು ಮಾತ್ರ ಗರಗಸ ಹಿಡಿಯುವಷ್ಟು ನಿಧಾನವಾಗಿ ಸನ್ನೆ ಮಾಡಿದೆ: "ಮಾತು ಉಳಿಸಿ. ಕೈ ಸೋತರೆ ಇನ್ನೊಂದಿದೆ." ಅವರಿಗೆ ಗೊಂದಲ. "ನಿಮಗೆ ಎರಡೂ ಒಂದೇ ಅಲ್ವಾ?" ನೀನು ತಟ್ಟನೆ ಕೇಳಿದೆ: "ನಿಮ್ಮ ನಾಲಿಗೆ ಊಟದ ರುಚೀನೂ ನೋಡುತ್ತೆ, ಮಾತೂ ಆಡುತ್ತೆ. ಊಟ, ಮಾತು ಎರಡೂ ಒಂದೇನಾ?" ಅವರು ನಿನ್ನ ಕೈ ಕುಲುಕಿದರು.

ಆಪರೇಷನ್ ನಡೆಯುವಾಗ ನಿನಗೆ ಎಚ್ಚರವಿರಬೇಕಿತ್ತು. ಮೆದುಳಿಗೆ ನೋವಿಲ್ಲ, ಚರ್ಮಕ್ಕೆ ಮಾತ್ರ ಮರಗಟ್ಟುವ ಔಷಧಿ. ನಿನ್ನ ಎರಡೂ ಕೈ ಬಿಡುವಾಗಿರಲೆಂದು ಡ್ರಿಪ್ಪಿನ ಸೂಜಿಯನ್ನು ಕಾಲಿಗೆ ಚುಚ್ಚಿದ್ದರು. ಮುಖ ಮುಚ್ಚಿದರೆ ಸನ್ನೆಗೆ ಅರ್ಧ ಅರ್ಥವೇ ಹೋಗುತ್ತದೆಂದು ನನಗೆ ಪಾರದರ್ಶಕ ಮಾಸ್ಕ್ ಕೊಟ್ಟರು. ನಾನು ಚಿತ್ರ ತೋರಿಸಬೇಕು, ನೀನು ಹೆಸರು ಹೇಳಬೇಕು. ಸರ್ಜನ್ ಅಲ್ಲಲ್ಲಿ ಸಣ್ಣಗೆ ಕರೆಂಟು ಮುಟ್ಟಿಸಿ ಪರೀಕ್ಷಿಸುತ್ತಿದ್ದರು. ನೀನು ಸನ್ನೆಯಲ್ಲಿ ಹಕ್ಕಿ ಅಂದೆ. ಛತ್ರಿ ಅಂದೆ. ಒಂದು ಕಡೆ ಮುಟ್ಟಿಸಿದಾಗ ನಿನ್ನ ಹೆಬ್ಬೆರಳು ತಾನಾಗಿ ಕುಣಿಯಿತು. ಅದು ಕೈಯ ಜಾಗ, ಗುರುತು ಹಾಕಿದರು.

ಆಮೇಲೆ ಕೀಲಿಯ ಚಿತ್ರ ತೋರಿಸಿದೆ. ನಿನ್ನ ಕೈ ಎದ್ದಿತು, ನಡುಗಲಿಲ್ಲ, ತಡವರಿಸಲಿಲ್ಲ. ಆದರೆ ಅದು ಮಾಡಿದ್ದು ಕೀಲಿಯಲ್ಲ. ಯಾವ ಪದವೂ ಅಲ್ಲ. 

"ಕೈ ಸೋತಿತಾ?" ಎಂದರು ಸರ್ಜನ್.

"ಇಲ್ಲ ಡಾಕ್ಟ್ರೇ, ಕೈ ಚೆನ್ನಾಗೇ ಇದೆ. ಮಾತು ತೊದಲಿತು."

ಅವರು ಕರೆಂಟು ತೆಗೆದರು. ಕೀಲಿ ಬಂತು. ನೀನು ಹುಬ್ಬು ಗಂಟಿಕ್ಕಿ ಕೇಳಿದೆ: "ಈಗ ಮಾತಾಡಿದ್ದು ಯಾರು? ನಾನಲ್ಲ."

ಮತ್ತೆ ಮತ್ತೆ ಮುಟ್ಟಿಸಿ ನೋಡಿದರು. ಪ್ರತಿ ಸಲವೂ ಅಲ್ಲೇ ತೊದಲು. ಗಡ್ಡೆಯ ಕೊನೆಯ ತುಣುಕು ಅದೇ ಜಾಗಕ್ಕೆ ಅಂಟಿತ್ತು. ತೆಗೆದರೆ ಆಯುಸ್ಸಿಗೆ ಒಳ್ಳೆಯದು, ಮಾತಿಗೆ ಕೆಟ್ಟದ್ದು. ಸರ್ಜನ್ ನನ್ನನ್ನು ನೋಡಿದರು. ಇದು ನಾನು ಕೊಡುವ ಉತ್ತರವಲ್ಲವೆಂದು ನಿನ್ನನ್ನೇ ಕೇಳಿದೆ. ನನಗೆ ಬೇರೆ ಉತ್ತರ ಬೇಕಿತ್ತು, ಅಣ್ಣ. ಮೂಕನಾಗಿಯಾದರೂ ಬಹುಕಾಲ ಇರಲಿ ಎಂದು ಮನಸ್ಸು ಚೀರುತ್ತಿತ್ತು. ನೀನು ಹೇಳಿದ್ದು ಒಂದೇ ಪದ. "ಬಿಡಿ." ನಾನು ಅದನ್ನು ಅಷ್ಟೇ ಗಟ್ಟಿಯಾಗಿ ಹೇಳಿದೆ.

ಆಮೇಲಿನ ವಾರಗಳು ನಿನಗೆ ಗೊತ್ತು. ಮೆದುಳು ಬಾತುಕೊಂಡಿತ್ತು. ನೀನು ಬಲಗೈಯಲ್ಲಿ ಉಜ್ಜುಗೊರಡು ಹಿಡಿದು ಹಲಗೆ ನಯ ಮಾಡುತ್ತಿದ್ದೆ, ಉಜ್ಜುಗೊರಡು ಎನ್ನಲು ಸನ್ನೆ ಮಾತ್ರ ಸಿಗುತ್ತಿರಲಿಲ್ಲ. ಹುಡುಕಿ ಹುಡುಕಿ ಸೋತು ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂರುತ್ತಿದ್ದೆ. ಅತ್ತಿಗೆ ಬಾಗಿಲ ಹಿಂದೆ ಅಳುತ್ತಿದ್ದಳು. ನಿನಗೆ ಕೇಳುವುದಿಲ್ಲವಾದರೂ ಬಾಗಿಲ ಹಿಂದೆಯೇ. ಬಾವು ಇಳಿದಂತೆ ಪದಗಳು ಒಂದೊಂದಾಗಿ ಮನೆಗೆ ಬಂದವು. ಉಳಿದ ತುಣುಕು ಒಳಗೇ ಇದೆ, ಮಾತ್ರೆ ಇದೆ, ಸ್ಕ್ಯಾನ್ ಇದೆ. ಈ ಸಲದ ಸ್ಕ್ಯಾನಿನಲ್ಲಿ ಅದು ಅಲುಗಿಲ್ಲ. ಇದಕ್ಕಿಂತ ಹೆಚ್ಚು ಯಾರೂ ಮಾತು ಕೊಟ್ಟಿಲ್ಲ. ಒಬ್ಬಳೇ ಇದ್ದಾಗ, ನಿನ್ನ "ಬಿಡಿ" ಸರಿಯೇ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೆ.

ನಿನ್ನೆ ಸಂಜೆ ನಾನು ನಿಮ್ಮ ಮನೆಗೆ ಬಂದಾಗ ನೀನೂ ಮಗಳೂ ನನ್ನನ್ನು ನೋಡಲಿಲ್ಲ. ತೊಟ್ಟಿಲು ಬಿಟ್ಟು ತೆವಳಲು ಕಲಿತ ನಿನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು ನೀನು ನರಿಯ ಕಥೆ ಹೇಳುತ್ತಿದ್ದೆ. ನಡುನಡುವೆ ಒಂದು ಪದಕ್ಕೆ ತಡೆಯುತ್ತಿದ್ದೆ, ಸಿಕ್ಕಾಗ ಮುಂದೆ ಹೋಗುತ್ತಿದ್ದೆ. ಕಥೆ ಮುಗಿಸಿ ಕೈ ಮಡಿಲಿಗೆ ಹಾಕಿದೆ. ಇನ್ನೂ ಒಂದು ಪದವನ್ನೂ ಆಡದಿದ್ದ ಆ ಪುಟ್ಟದು ತನ್ನ ಕೈ ನೋಡಿಕೊಂಡಿತು, ಎರಡನ್ನೂ ಎತ್ತಿತು, ಸೊಟ್ಟಸೊಟ್ಟಗೆ ಜೋಡಿಸಿ ತಟ್ಟಿ ಸನ್ನೆ ಮಾಡಿತು.

"ಇನ್ನೂ."

ನೀನು ಮೊದಲಿಂದ ಶುರುಮಾಡಿದೆ. ನಾನು ಚಪ್ಪಲಿ ಹಾಕಿಕೊಂಡು ಸದ್ದಿಲ್ಲದೆ ಬಂದುಬಿಟ್ಟೆ. ನಿನಗೆ ಸದ್ದು ಎಲ್ಲಿ ಕೇಳುತ್ತಿತ್ತು ಎಂದು ದಾರಿಯುದ್ದಕ್ಕೂ ನಗು, ಜೊತೆಗೇ ಅಳು.

ಅವಳು ಕೇಳಿದಷ್ಟೂ ಸಲ ಹೇಳುವಷ್ಟು ಕಾಲ ನಿನಗಿರಲಿ.

ಸದಾ ನಿನ್ನ ಕೈಯನ್ನೇ ನೋಡುತ್ತಾ ಬೆಳೆದ,
ತಂಗಿ