ಬಾಗಿಲ ಮೇಲಿನ ಅಂಗೈ

ಬದ್ರಿಯಾ ಅಕ್ಕಾ, ಬೇಜಾರಾಗ್ಬೇಡ, ಈ ಮೆಸೇಜಲ್ಲಿ ಮತ್ತೆ ಮೊದಲಿಂದ ಹೇಳ್ತೀನಿ. ನೀನು ಕೊಟ್ಟ ದೆವ್ವದ ಪುಸ್ತಕ ಓದಿದೆ. ಅದ್ರಲ್ಲಿ ಬಾಗಿಲ ಮೇಲೆ ರಕ್ತದ ಅಂಗೈ ಗುರುತು ಕಂಡಿದ್ದೇ ಊರೆಲ್ಲಾ ಕಿರುಚುತ್ತೆ. ಶುದ್ಧ ಸುಳ್ಳು. ನಿನ್ನೆ ನನ್ನ ಮಗಳು ನಿಹಾಲ್, ತನ್ನ ಗಂಡನ ಚಾಕುವಿಂದ ತಪ್ಪಿಸ್ಕೊಂಡು ಓಡಿಬಂದು, ಸೀಳಿದ ಅಂಗೈನ ನಮ್ಮ ಬಾಗಿಲಿಗೆ ಒತ್ತಿ ನಿಂತ್ಳು. ಬೆಳಿಗ್ಗೆ ಪಕ್ಕದ್ಮನೆ ಉಮ್ಮ್ ಸಾಬಿರ್ ಆ ಗುರುತು ನೋಡಿ, "ದೃಷ್ಟಿ ತಾಗದಿರ್ಲಿ ಅಂತ ಕುರಿ ಕಡಿದು ಅದರ ರಕ್ತದಲ್ಲಿ ಅಂಗೈ ಒತ್ತಿದ್ರಾ? ಹೊಸ ಕಾರು ತಗೊಂಡ್ರಾ? ನಮ್ಮ ಪಾಲಿನ ಮಾಂಸ ಎಲ್ಲಪ್ಪಾ?" ಅಂದ್ಳು. ಯಾರೂ ಕಿರುಚಲಿಲ್ಲ ಅಕ್ಕಾ.

ಇನ್ನೊಂದು ತಪ್ಪು. ಪುಸ್ತಕದ ದೆವ್ವ ಗೋಡೆ ತೂರ್ಕೊಂಡು ಬರುತ್ತೆ. ಅಳಿಯ ಹಾಗಲ್ಲ, ಮರ್ಯಾದೆಯಾಗಿ ಬಾಗಿಲು ತಟ್ಟಿ 'ಮಾವಾ' ಅಂತಾನೆ. ಇನ್ನು ಪುಸ್ತಕ ಬೇಡ, ನಿನ್ನ ಗಂಡುಮಕ್ಕಳಿಬ್ಬರನ್ನೂ ಈಗ್ಲೇ ಕಳಿಸು.

ತಾಳು, ಯಾರೋ ಕರೀತಿದಾರೆ.

"ಮಾವಾ..."

ಫೋನ್ ಕೆಳಗಿಡ್ತೀನಿ.

ನಿನ್ನ ತಮ್ಮ ರಿಫಾತ್