ಎರಡೂ ಕಡೆ ನೀರು

ಮಾರ್ಚ್ ೧೪, ಗುರುವಾರ

ಮಗಳೇ,

ಆಶೀರ್ವಾದಗಳು. ನಿನ್ನ ಪತ್ರ ಬಂದು ತಿಂಗಳಾಯಿತು. ತಡವಾಯಿತೆಂದು ಬೇಸರಪಡಬೇಡ, ಪೆನ್ನು ಹಿಡಿದಾಗಲೆಲ್ಲ ಕೈ ಓಡಲಿಲ್ಲ. ನಿನ್ನ ಅತ್ತೆಯ ಮಂಡಿನೋವು ಹಾಗೇ ಇದೆ, ನನ್ನ ಮೇಲಿನ ರೇಗಾಟವೂ ಹಾಗೇ ಇದೆ.

ನೀರಿನ ತೊಟ್ಟಿ ಒಡೆದದ್ದರ ವಿಚಾರಣೆ ಮುಗಿಯಿತು. ಇಷ್ಟು ದಿನ ಊರೆಲ್ಲ ನಿನ್ನ ಗಂಡನನ್ನೇ ದೂರುತ್ತಿತ್ತಲ್ಲ, ಹೂಳು ತೆಗೆಸಲು ತೊಟ್ಟಿ ಖಾಲಿ ಮಾಡಿಸಿ ತಾನೇ ಹೋಗಿ ಸಿಕ್ಕಿಕೊಂಡು ಸತ್ತ ಎಂದು. ವಿಚಾರಣೆಗೆ ಬಂದಿದ್ದ ಎಂಜಿನಿಯರಮ್ಮ ಬಿಡಿಸಿ ಹೇಳಿದರು. ಎರಡು ತೊಟ್ಟಿಗಳ ನಡುವೆ ಇದ್ದದ್ದು ಒಂದೇ ಗೋಡೆ. ಎರಡೂ ಕಡೆ ಸಮನಾಗಿ ನೀರಿದ್ದರೆ ಈಚೆಯ ಒತ್ತಡವನ್ನು ಆಚೆಯ ಒತ್ತಡ ತಡೆಯುತ್ತದೆ. ತೆಳು ಗೋಡೆಯೂ ನಿಲ್ಲುತ್ತದೆ. ಒಂದು ಕಡೆ ಬರಿದಾದರೆ ಇನ್ನೊಂದು ಕಡೆಯ ಅಷ್ಟೂ ನೀರು ಅದನ್ನು ನೂಕುತ್ತದೆ, ಬುಡದಲ್ಲಂತೂ ಇನ್ನೂ ಜೋರಾಗಿ. ಆ ಗೋಡೆ ಅದನ್ನು ತಾಳುವಂತೆ ಕಟ್ಟಿದ್ದಾಗಿರಲಿಲ್ಲ.

ಪಂಪಿನ ಮೇಸ್ತ್ರಿ ಎದ್ದು ನಿಂತು ಅತ್ತೇಬಿಟ್ಟ. "ಎರಡನ್ನೂ ಒಟ್ಟಿಗೇ ಇಳಿಸೋಣ ಅಂತ ಅವನು ಬೇಡ್ಕೊಂಡ. ಊರಿಗೆ ನೀರು ನಿಲ್ಸೋಕಾಗಲ್ಲ ಅಂತ ಮೇಲಿನವರು ಒಪ್ಲಿಲ್ಲ. ಗೋಡೆ ಬುಡ ಒಸರೋದು ಕಂಡಿದ್ದೇ, 'ಹತ್ರೋ, ಹತ್ರೋ' ಅಂತ ನಮ್ಮನ್ನೆಲ್ಲ ಏಣಿಗೆ ತಳ್ದ. ಅವನ ಸರದಿ ಬರ್ಲೇ ಇಲ್ಲ."

ತಪ್ಪು ಅವನದಲ್ಲ ಎಂದು ವಿಚಾರಣೆಯವರು ಬರೆದುಕೊಂಡರು. ಹೊರಗೆ ಬಂದಮೇಲೆ ನಿನ್ನ ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ತಪ್ಪಿಲ್ಲ ಅಂತಾಯ್ತಲ್ಲ, ಈಗ ಅವನನ್ನ ಕಳಿಸ್ತಾರಾ?" ಎಂದಳು.

ಇನ್ನು ನಿನ್ನ ವಿಷಯ. ಮೇಷ್ಟ್ರನ್ನು ಮದುವೆಯಾಗಲು ನಮ್ಮ ಒಪ್ಪಿಗೆ ಕೇಳಿದ್ದೀಯ. ಒಂದು ಬೆಳಿಗ್ಗೆ ಅತ್ತೆ ಒಲೆ ಒರೆಸುತ್ತಾ, "ಹುಡುಗಿ ಎಷ್ಟೂಂತ ಒಬ್ಳೇ ಇರ್ತಾಳೆ? ಹೂಂ ಅಂತ ಬರೀರಿ" ಎಂದಳು. ಬರೆಯುತ್ತಿದ್ದೇನೆ. ಹೂಂ, ಮಗಳೇ. ಮನಸಾರೆ ಹೂಂ. ಅವರಿಗೂ ನಮ್ಮ ಆಶೀರ್ವಾದ ತಿಳಿಸು. ಇಬ್ಬರೂ ನಗುನಗುತ್ತಾ ಬಾಳಿ.

ಇಂತು,
ನಿನ್ನ ಮಾವ

ತಾ.ಕ.: ನಿನ್ನ ಪತ್ರದ ಕೊನೆಯಲ್ಲಿ 'ನಿಮ್ಮ ಸೊಸೆ' ಎಂದು ಬರೆದು, ಅದರ ಮೇಲೆ ಗೀಟು ಎಳೆದು, ಹೆಸರಷ್ಟೇ ಹಾಕಿದ್ದೀಯ. ಅತ್ತೆಗೆ ಓದಿ ಹೇಳುವಾಗ ನಾನು 'ನಿಮ್ಮ ಸೊಸೆ' ಎಂದೇ ಓದಿದೆ. ನಿನ್ನ ಮದುವೆಯ ಸುದ್ದಿಗಲ್ಲ ಮಗಳೇ, ಆ ಗೀಟಿಗೆ ನನಗೆ ಉತ್ತರ ಬರೆಯಲಾಗದೆ ಹೋದದ್ದು. ಇನ್ನೊಂದು ಸಲ ಬರೆದಾಗ 'ನಿಮ್ಮ ಸೊಸೆ' ಎಂಬುದನ್ನು ಹಾಗೇ ಬಿಡು.