ಆನೆಯನ್ನು ಹಂದಿಯೆಂದು ತೀರ್ಮಾನಿಸಿದ ಊರಾಡಳಿತದ ಅಧ್ಯಕ್ಷರಿಗೆ

ಮಾನ್ಯರೇ,

ಒಂದು ಮಾತನ್ನು ಈ ಪತ್ರದಿಂದ ಬಿಟ್ಟೇಬಿಡುವವಳಿದ್ದೆ: ನಾನು ಈ ವಿಷಯದಲ್ಲಿ ನಿಷ್ಪಕ್ಷಪಾತಿಯಲ್ಲ. ಮೊನ್ನೆ ದೊಡ್ಡಿಯ ಗೋಡೆಯ ಮೇಲಿಂದ ಆನೆಗೆ ಸೇಬು ಕೊಡುವಾಗ ಅದು ನನ್ನ ಕನ್ನಡಕವನ್ನು ಮೆಲ್ಲಗೆ ತೆಗೆದು, ಒಮ್ಮೆ ಮೂಸಿ, ಮರಳಿ ನನ್ನ ಕೈಯಲ್ಲಿಟ್ಟಿತು. ಗಾಜಿನ ಮೇಲೆ ಗೀರು ಕೂಡ ಬಿದ್ದಿರಲಿಲ್ಲ. ಅದೇ ಸೊಂಡಿಲಿಗೆ ಶುಕ್ರವಾರ ಬೆಳಿಗ್ಗೆ ಕಬ್ಬಿಣದ ಬಳೆ ಚುಚ್ಚಲು ತಾವು ಆಜ್ಞೆ ಮಾಡಿದ್ದೀರಿ.

ಆನೆ ಮಾಡಿದ ಅಪರಾಧವಾದರೂ ಏನು? ಡೈಡೋ ಎಂಬ ಈ ಹೆಣ್ಣಾನೆಯನ್ನು ಪ್ರದರ್ಶನದವರು ಕತ್ತಲಲ್ಲೇ ಊರಿಂದೂರಿಗೆ ನಡೆಸುತ್ತಾರೆ. ಹಗಲಲ್ಲಿ ನಡೆಸಿದರೆ ಜನ ಬಿಟ್ಟಿ ನೋಡಿಬಿಡುತ್ತಾರಲ್ಲ! ಆ ಶನಿವಾರ ರಾತ್ರಿ ಅದು ನಮ್ಮ ಮರದ ಸೇತುವೆಯ ಹಲಗೆಯ ಮೇಲೆ ಕಾಲಿಟ್ಟು ಪರೀಕ್ಷಿಸಿ, ದಾಟಲು ಒಪ್ಪಲಿಲ್ಲ. (ಆ ಸೇತುವೆಯ ಬಗ್ಗೆ ನಾವು ತಮಗೆ ಎಷ್ಟು ಸಲ ಹೇಳಿಲ್ಲ?) ಕೊನೆಗೆ ಹೊಳೆಗಿಳಿದು ದಾಟುವಷ್ಟರಲ್ಲಿ ಭಾನುವಾರ ಬೆಳಗಾಗಿತ್ತು. ಪ್ರಯಾಣ ನಿಷಿದ್ಧವಾದ ದೇವರ ದಿನದಂದು ನಡೆದದ್ದಕ್ಕಾಗಿ ಆನೆ ಬಂಧನಕ್ಕೊಳಗಾಯಿತು. ಮಾಲೀಕ ದಂಡದ ಹಣ ತರುತ್ತೇನೆಂದು ಹೋದವನು ಇನ್ನೂ ಬಂದಿಲ್ಲ. ಆನೆ ಬೀಡಾಡಿ ದನಗಳ ದೊಡ್ಡಿ ಸೇರಿತು.

ದೊಡ್ಡಿಯ ಕಾನೂನಿನಲ್ಲಿರುವುದು ದನ, ಕುದುರೆ, ಕುರಿ, ಹಂದಿ ಮಾತ್ರ. ಹಾಗಾಗಿ ತಮ್ಮ ಸಭೆ ಸೇರಿತು. ಹೆಂಗಸಾದ ನನಗೆ ಅಲ್ಲಿ ಮತವಿಲ್ಲ, ಕಿಟಕಿಯಾಚೆ ನಿಂತಿದ್ದೆ. ತಮ್ಮ ಮಾತು ಸ್ಪಷ್ಟವಾಗಿ ಕೇಳಿಸಿತು: "ಕುರಿ ಅನ್ನೋಕಾಗಲ್ಲ, ಉಣ್ಣೆ ಎಲ್ಲಿದೆ? ಬೋಳು ಚರ್ಮ, ಸಣ್ಣ ಕಣ್ಣು, ನೆಲ ತಡಕೋ ಮೂತಿ. ಹಂದೀನೇ ಕಣ್ರಯ್ಯಾ, ಸ್ವಲ್ಪ ಚೆನ್ನಾಗಿ ಉಂಡಿದೆ ಅಷ್ಟೆ." ಹಂದಿಯೆಂದಾದ ಮೇಲೆ ಮೂಗಿಗೆ ಬಳೆ ಕಡ್ಡಾಯ.

ಹೊಸದಾಗಿ ಮದುವೆಯಾದವನನ್ನು ತಮಾಷೆಗೆಂದು, ಹಂದಿಗಳನ್ನು ಹಿಡಿದು ಬಳೆ ಹಾಕುವ ಹಂದಿ ಅಧಿಕಾರಿಯಾಗಿ ಆರಿಸುವುದು ನಮ್ಮ ಊರಿನ ಪದ್ಧತಿ. ಈ ವರ್ಷದ ಪಾಳಿ ಓರಿನ್ ಟಟಲ್‌ನದು. ಸೋಮವಾರ ಅವನು ಬಳೆ, ಇಕ್ಕಳ ಹಿಡಿದು ದೊಡ್ಡಿಗಿಳಿದ. ಹೆಂಡತಿ ಲೊವೀನಾ ಗೋಡೆಯ ಮೇಲೆ ಕುಳಿತು ನೋಡುತ್ತಿದ್ದಳು.

"ಎಲ್ಲಿಗೆ ಹಾಕ್ತೀಯಪ್ಪಾ ಅದನ್ನ?" ಎಂದು ಕೇಳಿದೆ.

"ಮೂಗಿಗೆ, ಮೇಡಂ. ಕಾನೂನಲ್ಲಿ ಹಾಗೇ ಇದೆಯಂತೆ."

"ಮೂಗು ಎಲ್ಲಿದೆ?"

ಓರಿನ್ ಅಲುಗಾಡದೆ ನಿಂತ. "ಸದ್ಯಕ್ಕೆ ನನ್ನ ಜೇಬಲ್ಲಿದೆ."

ಜೇಬಿನಲ್ಲಿದ್ದ ಮುಸುಕಿನ ಜೋಳದ ರೊಟ್ಟಿ ಆನೆಯ ಬಾಯಿ ಸೇರಿತು. ಲೊವೀನಾ ಚಪ್ಪಾಳೆ ತಟ್ಟಿದಳು. "ತಿನ್ನಮ್ಮಾ ತಿನ್ನು! ನನ್ನ ರೊಟ್ಟಿಗೆ ಮುಖ ಹಿಂಡದೆ ತಿಂದವಳು ಈ ಊರಲ್ಲಿ ನೀನೊಬ್ಬಳೇ. ರೀ, ನೀವು ಅವಳ ಮೂಗಿಗೆ ಕೈ ಹಚ್ಚಿದ್ರೆ ಇವತ್ತಿಂದ ಅಡುಗೆ ನಿಮ್ಮದೇ!"

ಓರಿನ್ ಬಳೆಯನ್ನು ತಮಗೆ ಹಿಂದಿರುಗಿಸಿದ. ಅದು ಚಿಕ್ಕದಾಗಿತ್ತೆಂದು ಭಾವಿಸಿದ ತಾವು ಕಮ್ಮಾರನಿಗೆ ದೊಡ್ಡದನ್ನು ಬಡಿಯಲು ಹೇಳಿದಿರಿ. ಜೊತೆಗೆ ಆನೆಯನ್ನು ಎಳೆದು ಹಿಡಿಯಲು ಹಗ್ಗ ಮತ್ತು ಎಂಟು ಜೊತೆ ಎತ್ತು!

ಮಾನ್ಯರೇ, ಹಂದಿಗೆ ಬಳೆ ಹಾಕುವುದು ಅದು ತೋಟ ಅಗೆಯದಿರಲೆಂದು. ಈ ಜೀವ ನೀರು ಕುಡಿಯುವುದೂ ಉಣ್ಣುವುದೂ ಆ ಸೊಂಡಿಲಿನಿಂದಲೇ. ಅದಕ್ಕೆ ತೂತು ಕೊರೆದರೆ, ಕೀವು ತುಂಬಿದರೆ, ಅದು ತುಂಬಿದ ತೊಟ್ಟಿಯ ಮುಂದೆಯೇ ಬಾಯಾರಿ ಸಾಯುತ್ತದೆ. ಆಗ ತಮ್ಮ ಕಾನೂನು ಅದನ್ನು ಹಂದಿಯೆಂದೇ ಹೂಳುತ್ತದೆಯೇ?

ನನ್ನ ಬೇಡಿಕೆ ಚಿಕ್ಕದು. ಆನೆಯನ್ನು ಕುದುರೆ ಎಂದು ಘೋಷಿಸಿ. ಕುದುರೆಯ ಮೂಗಿಗೆ ಬಳೆಯಿಲ್ಲ, ಮಾಲೀಕ ಬರುವವರೆಗೆ ಅದನ್ನು ಯಾರ ಕೊಟ್ಟಿಗೆಯಲ್ಲಾದರೂ ಇರಿಸಬಹುದು. ನನ್ನ ಕೊಟ್ಟಿಗೆ ಖಾಲಿಯಿದೆ. ಹುಡುಗಿಯರಿಗೆ ಪಾಠ ಹೇಳುವ ನಾನು ಒಂದು ಸುಳ್ಳಿನ ಬದಲು ಇನ್ನೊಂದು ಸುಳ್ಳನ್ನು ಕೇಳುತ್ತಿದ್ದೇನಲ್ಲ, ಇದು ಸರಿಯೇ ಎಂದು ಎರಡು ದಿನ ಯೋಚಿಸಿದೆ. ಸರಿಯೋ ತಪ್ಪೋ ಇನ್ನೂ ಗೊತ್ತಾಗಿಲ್ಲ. ಶುಕ್ರವಾರ ಮಾತ್ರ ಕಾಯುವುದಿಲ್ಲ.

ತಾವು ಆಜ್ಞೆಯನ್ನು ಹಿಂತೆಗೆದುಕೊಳ್ಳದಿದ್ದರೆ, ಕಮ್ಮಾರ ಬರುವಾಗ ನಾನು ದೊಡ್ಡಿಯೊಳಗೆ ಆ ಸೊಂಡಿಲಿನ ಮುಂದೆ ನಿಂತಿರುತ್ತೇನೆ. ಲೊವೀನಾಳೂ ಬರುತ್ತಾಳಂತೆ. ನಾವಿಬ್ಬರು ಯಾವ ಪ್ರಾಣಿಗಳೆಂಬುದನ್ನು ತೀರ್ಮಾನಿಸಲು ತಾವು ಮತ್ತೊಂದು ಸಭೆ ಕರೆಯಬೇಕಾದೀತು.

ಇಂತಿ,
ಮತವಿಲ್ಲದ, ಆದರೆ ದೊಡ್ಡಿಯ ಪಕ್ಕದಲ್ಲೇ ಮನೆಯಿರುವ
ಕೆಜಾಯಾ ಪೆಂಗ್ರಿ
ಪೆಲ್ಟನ್‌ಫೀಲ್ಡ್, ಮ್ಯಾಸಚೂಸೆಟ್ಸ್

ಸಭಾಭವನದ ಬಾಗಿಲಿಗೆ ಅಂಟಿಸುವ ದಿನ: 1819ರ ಸೆಪ್ಟೆಂಬರ್ 23, ಗುರುವಾರ